ಅಪಶಕುನದ ಕಾಗದ

ಮೆಲ್ಕಾರಿನಿಂದ ಬಜ್ಪೆಗೆ ಹೊರಟ ವ್ಯಾನನ್ನು ಗುರುತಿಸುವುದು ಕಷ್ಟವಲ್ಲ. ಮೇಲೆ ಹಗ್ಗ ಬಿಗಿದ ಪೆಟ್ಟಿಗೆ, ಒಳಗೆ ಒಬ್ಬ ಪ್ರಯಾಣಿಕ, ಅವನನ್ನು ಕಳುಹಿಸಲು ಹತ್ತು ಜನ. ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲ ಇರುತ್ತದೆ. ವಿಮೆಯ ಕಾಗದ ಮಾತ್ರ ಇರುವುದಿಲ್ಲ.

ಆ ಮಾತೆತ್ತಿದರೆ ನಮ್ಮವರಿಗೆ ಸಿಟ್ಟು. "ಹೊರಡುವ ಹೊತ್ತಿಗೆ ಅಂಥ ಮಾತು ಯಾಕೆ ಮಾಷ್ಟ್ರೇ?" ಎಂದು ಒಬ್ಬ ತಾಯಿ ನನ್ನನ್ನು ಗದರಿದ್ದುಂಟು. ಆಕೆಯ ಮೇಲೆ ನನಗೆ ಬೇಸರವಿಲ್ಲ. ವೀಸಾಕ್ಕೆಂದು ಲಕ್ಷ ಎಣಿಸಿಕೊಂಡು, 275 ರೂಪಾಯಿಯ ವಿಷಯ ಬಾಯಿ ಬಿಡದ ಏಜೆಂಟರ ಮೇಲೆ ಬೇಸರವಿದೆ.

ಪ್ರವಾಸಿ ಭಾರತೀಯ ಬಿಮಾ ಯೋಜನೆ ಬಂದದ್ದು 2003ರಲ್ಲಿ. 2017ರಲ್ಲಿ ಪರಿಷ್ಕರಿಸಿದಾಗ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಮೇಲೆ ತೆರಿಗೆ ಎಂದಾಯಿತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಊನವಾದರೆ 10 ಲಕ್ಷ. ನಿದ್ದೆಯಲ್ಲಿ ಎದೆ ನಿಂತು ಹೋದವನಿಗೆ ಆ 10 ಲಕ್ಷ ಇಲ್ಲ, ಇದನ್ನೂ ಯಾರೂ ಹೇಳುವುದಿಲ್ಲ.

ಇನ್ನು, ಇದು ಕಡ್ಡಾಯ ಯಾರಿಗೆ? ಹತ್ತನೆಯ ತರಗತಿ ಪಾಸಾಗದೆ, ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟಿನಲ್ಲಿ ಕೊಲ್ಲಿಗೆ ದುಡಿಯಲು ಹೋಗುವವರಿಗೆ. ಪಾಸಾದ ಹುಡುಗ ಅದೇ ಕಟ್ಟಡದ ಅದೇ ಅಟ್ಟಣಿಗೆಯ ಮೇಲೆ ನಿಂತರೂ ಸರಕಾರದ ಲೆಕ್ಕದಲ್ಲಿ ತಿಳಿವಳಿಕೆಯುಳ್ಳವನು, ಅವನಿಗೆ ಕಡ್ಡಾಯವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದುಕೊಂಡವನು ಬೀಳುವುದಿಲ್ಲವೆಂದು ಯಾರು ಹೇಳಿದರೋ! ಇನ್ನು ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಹೋಗುವವನು ಕಾಗದದ ಮೇಲೆ ಕೆಲಸಗಾರನೇ ಅಲ್ಲ, ಊರು ನೋಡಲು ಬಂದವನು. ದುಬೈಯಲ್ಲಿ ನೌಕರನ ಆರೋಗ್ಯ ವಿಮೆ ಮಾಲಿಕನ ಹೊಣೆ, ಸರಿ. ಆದರೆ ಇವನಿಗೆ ಇನ್ನೂ ಮಾಲಿಕನೇ ಸಿಕ್ಕಿಲ್ಲವಲ್ಲ? ಜ್ವರ ಬಂದು ಆಸ್ಪತ್ರೆ ಸೇರಿದರೆ ಬಿಲ್ಲು ಕಟ್ಟುವುದು ರೂಮಿನ ಗೆಳೆಯರ ವಂತಿಗೆ.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಓಡುದಾರಿ ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಆಗ ಪರಿಹಾರ ಕೇಳಲು ಒಂದು ಆಧಾರವಾದರೂ ಇತ್ತು. ವಿಮಾನ ಕಂಪೆನಿಗಳನ್ನು ಕಟ್ಟಿಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತ್ತು. ಹಾಗಿದ್ದೂ ಒಂದು ಕುಟುಂಬದ ಪರಿಹಾರದ ಲೆಕ್ಕವನ್ನು ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು 2020ರಲ್ಲಿ, ಹತ್ತು ವರ್ಷದ ಮೇಲೆ. ಒಂಟಿಯಾಗಿ ಅಟ್ಟಣಿಗೆಯಿಂದ ಬಿದ್ದವನಿಗೆ ಯಾವ ಮಾಂಟ್ರಿಯಲ್? ಅವನ ಹೆಂಡತಿ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು, ಯಾವ ಭಾಷೆಯಲ್ಲಿ?

ಕಾಗದ ಮಾಡಿಸಿದರೂ ಸಾಲದು. ಅದರ ಒಂದು ಪ್ರತಿ ಮನೆಯ ಕಪಾಟಿನಲ್ಲಿರಬೇಕು, ನಾಮಿನಿಯ ಹೆಸರು ಸರಿ ಇರಬೇಕು, ಮುಗಿಯುವ ತಾರೀಕು ಹೆಂಡತಿಗೆ ಗೊತ್ತಿರಬೇಕು. ಮೊನ್ನೆ ಒಂದು ಮನೆಯಲ್ಲಿ "ಪಾಲಿಸಿ ಎಲ್ಲುಂಟು?" ಎಂದು ಕೇಳಿದೆ.

"ಏಜೆಂಟರ ಹತ್ತಿರ ಉಂಟು" ಎಂದರು.

ಏಜೆಂಟರು ಎಲ್ಲಿ ಎಂದರೆ, ಅವರೂ ದುಬೈಯಲ್ಲಿದ್ದಾರಂತೆ.