ಚವ್ಹಾಣರ ಪಾಠವನ್ನು ಹೇಗೆ ಹೇಳಬೇಕು?

ಪ್ರತಿವರ್ಷ ಮಾರ್ಚ್ 12ಕ್ಕೆ ಜಯಂತಿ, ನವೆಂಬರ್ 25ಕ್ಕೆ ಪುಣ್ಯತಿಥಿ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಶಾಲೆಗಳಲ್ಲಿ ಯಶವಂತರಾವ ಚವ್ಹಾಣರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಒಬ್ಬ ಬುದ್ಧಿವಂತ ಹುಡುಗನು ಎದ್ದು ನಿಂತು, ಕೈಕಟ್ಟಿ, ಉಸಿರು ಬಿಡದೆ ಒಪ್ಪಿಸುತ್ತಾನೆ: 1956ರಲ್ಲಿ ದ್ವಿಭಾಷಾ ಮುಂಬಯಿ ರಾಜ್ಯದ ಮುಖ್ಯಮಂತ್ರಿ, 1960ರಲ್ಲಿ ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ, 1962ರಲ್ಲಿ ರಕ್ಷಣಾಮಂತ್ರಿ, 1966ರಲ್ಲಿ ಗೃಹಮಂತ್ರಿ, 1970ರಲ್ಲಿ ಅರ್ಥಮಂತ್ರಿ, 1974ರಲ್ಲಿ ವಿದೇಶಾಂಗ ಮಂತ್ರಿ, 1979ರಲ್ಲಿ ಉಪಪ್ರಧಾನಮಂತ್ರಿ. ಚಪ್ಪಾಳೆಯಾಗುತ್ತದೆ; ಸಭೆ ಮುಗಿಯುತ್ತದೆ.

ಅದೇ ಹುಡುಗನು ಮನೆಗೆ ಹೋದರೆ, ಅದು ಕನ್ನಡದ ಮನೆಯಾಗಿದ್ದರೆ, ಅಲ್ಲಿ ಅವನಿಗೆ ಇನ್ನೊಂದು ಪಾಠ ಕಾದಿರುತ್ತದೆ. ‘ಮಹಾಜನ ವರದಿಯನ್ನು ಮೂಲೆಗೊತ್ತಿದವರು ಅವರೇ ಅಲ್ಲವೇ?’ ಎಂದು ಹಿರಿಯರು ಮುಖ ತಿರುಗಿಸುತ್ತಾರೆ. ಶಾಲೆಯಲ್ಲಿ ಹಾರ, ಮನೆಯಲ್ಲಿ ಶಾಪ. ಈ ಎರಡರಲ್ಲಿ ಒಂದೂ ವಿದ್ಯೆಯಲ್ಲವೆಂಬುದೇ ನಮ್ಮ ವಾದ. ಹುದ್ದೆಗಳ ಪಟ್ಟಿಯನ್ನು ಚರಿತ್ರೆಯೆಂದು ಕಲಿಸುವುದು ಸೋಮಾರಿತನ. ಒಂದು ಸಿಟ್ಟನ್ನು ಚರಿತ್ರೆಯೆಂದು ಕಲಿಸುವುದೂ ಸೋಮಾರಿತನವೇ.

ಅಧಿಕಾರದಲ್ಲಿ ಎಷ್ಟು ವರ್ಷ ಕುಳಿತರೆಂಬುದು ಮನುಷ್ಯನ ಅಳತೆಯಾಗಲಾರದು. ಎ. ಕೆ. ಆಂಟನಿಯವರು 2006ರಿಂದ 2014ರವರೆಗೆ ಸತತವಾಗಿ ರಕ್ಷಣಾಮಂತ್ರಿಯಾಗಿದ್ದರು. ಚವ್ಹಾಣರು ಆ ಸ್ಥಾನದಲ್ಲಿ ಇದ್ದುದು ನಾಲ್ಕೇ ವರ್ಷ. ಆದರೂ ಜನ ಇಂದಿಗೂ ನೆನೆಯುವುದು ಆ ನಾಲ್ಕು ವರ್ಷಗಳನ್ನು. ಹಾಗಾದರೆ ಅಳತೆ ಯಾವುದು? ಮೇಜಿನ ಮೇಲೆ ಬಂದು ಬಿದ್ದ ಕಹಿಯಾದ ಸತ್ಯವನ್ನು ಅಧಿಕಾರಿಯಾದವನು ಏನು ಮಾಡಿದನೆಂಬುದೇ ಅಳತೆ. ಚವ್ಹಾಣರ ಮೇಜಿನ ಮೇಲೆ ಅಂಥ ಸತ್ಯವು ವರದಿಯ ರೂಪದಲ್ಲಿ ಎರಡು ಸಲ ಬಂದಿತ್ತು. ಆ ಎರಡು ವರದಿಗಳ ಕಥೆಯನ್ನು ಒಟ್ಟಿಗೆ ಹೇಳದ ಹೊರತು ಅವರ ಪಾಠ ಪೂರ್ಣವಾಗದು.

ಮೊದಲು ಅವರು ನಮಗೆ ಎಷ್ಟು ಸಮೀಪದವರೆಂಬುದನ್ನು ನೆನೆಯೋಣ. ಹುಟ್ಟಿದ್ದು ದೇವರಾಷ್ಟ್ರೆಯಲ್ಲಿ, ಬೆಳೆದದ್ದು ಕೃಷ್ಣಾ-ಕೊಯ್ನಾ ಕೂಡುವ ಕರಾಡದಲ್ಲಿ. ಅದೇ ಕೃಷ್ಣೆಯು ನರಸೋಬಾವಾಡಿಯಲ್ಲಿ ನಮ್ಮ ಪಂಚಗಂಗೆಯನ್ನು ಕೂಡಿಕೊಂಡು ಕನ್ನಡ ನಾಡಿಗೆ ಇಳಿಯುತ್ತಾಳೆ. ಬಡತನದಲ್ಲಿ ಓದಿ, 1932ರಲ್ಲಿ ಧ್ವಜ ಹಾರಿಸಿದ್ದಕ್ಕಾಗಿ ಹದಿನೆಂಟು ತಿಂಗಳ ಶಿಕ್ಷೆ ಪಡೆದು, ಮರಳಿ ಬಂದು ಅವರು ಪದವಿ ಪಡೆದದ್ದು 1938ರಲ್ಲಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಿಂದ. ಆ ಕಾಲೇಜು ಕನ್ನಡಕ್ಕೆ ಪರಕೀಯವಾದುದಲ್ಲ. ಕೆ. ಜಿ. ಕುಂದಣಗಾರರು ಅಲ್ಲಿ ಅಧ್ಯಾಪಕರಾಗಿದ್ದು, ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪುಸ್ತಕವಾಗಿ ಹೊರತಂದರು. ಮುಂದೆ ವಿ. ಕೃ. ಗೋಕಾಕರು ಅಲ್ಲಿ ಪ್ರಾಚಾರ್ಯರಾಗಿದ್ದರು. ಆದುದರಿಂದ ಚವ್ಹಾಣರನ್ನು ‘ಆಚೆಯವರು’ ಎಂದು ಬದಿಗಿಡುವ ಹಕ್ಕು ನಮಗಿಲ್ಲ. ನಮ್ಮೂರಿನಲ್ಲಿ ಓದಿದ ಹುಡುಗನೊಬ್ಬನ ಪಾಠವೆಂದೇ ಅದನ್ನು ಓದಬೇಕು.

ಇನ್ನು ಮೊದಲನೆಯ ವರದಿ. 1962ರ ಅಕ್ಟೋಬರ್-ನವೆಂಬರಿನಲ್ಲಿ ಚೀನದ ಸೈನ್ಯದೆದುರು ನಮ್ಮ ಸೈನ್ಯ ಹಿಮಾಲಯದಲ್ಲಿ ಸೋತಿತು. ಕೃಷ್ಣ ಮೆನನ್ನರು ರಕ್ಷಣಾಖಾತೆಯನ್ನು ಬಿಡಬೇಕಾಯಿತು. ನೆಹರೂ ಅವರ ಕರೆಗೆ ಓಗೊಟ್ಟು ಚವ್ಹಾಣರು ಮುಂಬಯಿಯಿಂದ ದಿಲ್ಲಿಗೆ ಹೋದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಓಡಿಹೋಯಿತೆಂದು ಮಹಾರಾಷ್ಟ್ರವು ಹೆಮ್ಮೆಪಟ್ಟಿತು. ಹೆಮ್ಮೆ ಸಹಜವೇ. ಆದರೆ ಪರ್ವತಗಳು ಓಡುವುದರಿಂದ ಸೈನ್ಯ ಸಜ್ಜಾಗುವುದಿಲ್ಲ. ಲೆಫ್ಟಿನೆಂಟ್ ಜನರಲ್ ಹೆಂಡರ್‌ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ಇವರು ಸೋಲಿನ ಕಾರಣಗಳನ್ನು ವಿಚಾರಿಸಿ 1963ರಲ್ಲಿ ವರದಿ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್ 2ರಂದು ಚವ್ಹಾಣರು ಲೋಕಸಭೆಯಲ್ಲಿ ಅದರ ಸಾರಾಂಶವನ್ನಷ್ಟೇ ಹೇಳಿದರು. ಪರ್ವತಯುದ್ಧದ ಶಿಕ್ಷಣ ಸಾಲದಾಗಿತ್ತು, ಸಲಕರಣೆಗಳ ಕೊರತೆಯಿತ್ತು, ಗುಪ್ತವಾರ್ತೆ ಅಸ್ಪಷ್ಟವಾಗಿತ್ತು, ಮೇಲಿನವರು ಕೆಳಗಿನವರ ಕೆಲಸದಲ್ಲಿ ಕೈಹಾಕಿದ್ದರು. ಇವೆಲ್ಲವನ್ನೂ ಅವರು ಒಪ್ಪಿಕೊಂಡರು. ಆದರೆ ವರದಿಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಯಿತು. 2014ರಲ್ಲಿ ಒಬ್ಬ ವಿದೇಶೀ ಪತ್ರಕರ್ತನು ಅದರ ಒಂದು ಭಾಗವನ್ನು ಹೊರಗೆಡಹುವವರೆಗೆ, ಅಂದರೆ 51 ವರ್ಷ, ಈ ದೇಶದ ಮಕ್ಕಳು ತಮ್ಮ ಸೋಲಿನ ಕಾರಣವನ್ನು ಮೂಲದಲ್ಲಿ ಓದಲಾರದೆ ಹೋದರು.

ಆದರೂ ನ್ಯಾಯದ ಮಾತನ್ನು ನ್ಯಾಯವಾಗಿ ಹೇಳಬೇಕು. ವರದಿಯನ್ನು ಮುಚ್ಚಿಟ್ಟರೂ ಅದು ಹೇಳಿದ ಕೆಲಸವನ್ನು ಚವ್ಹಾಣರು ಮರೆಯಲಿಲ್ಲ. ಸೇನಾಮುಖ್ಯರೊಡನೆ ಬೆಳಗಿನ ಸಮಾಲೋಚನೆಯನ್ನು ರೂಢಿಗೆ ತಂದರು. ಮಂತ್ರಿಗೂ ಸೇನಾನಿಗೂ ನಡುವೆ ಮುರಿದಿದ್ದ ವಿಶ್ವಾಸವನ್ನು ಮರಳಿ ಬೆಸೆದರು. 1964ರಿಂದ ರಕ್ಷಣೆಗೊಂದು ಪಂಚವಾರ್ಷಿಕ ಯೋಜನೆ ಬಂತು; 8,25,000 ಸೈನಿಕರ ಭೂಸೈನ್ಯ, 45 ಸ್ಕ್ವಾಡ್ರನ್‌ಗಳ ವಾಯುಸೈನ್ಯ ಎಂಬ ಗುರಿ ನಿಂತಿತು. ಪರ್ವತಯುದ್ಧಕ್ಕೆಂದೇ ಡಿವಿಜನ್ನುಗಳು ಕಟ್ಟಲ್ಪಟ್ಟವು. 1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಾಂಬಿಗೆ ನುಗ್ಗಿದಾಗ, ವಾಯುಸೈನ್ಯವನ್ನು ಬಳಸುವ ಅಪ್ಪಣೆಯನ್ನು ಅವರು ಕೆಲವೇ ನಿಮಿಷಗಳಲ್ಲಿ ಕೊಟ್ಟರು. ಮೊದಲ ಹಾರಾಟದಲ್ಲಿಯೇ ನಾಲ್ಕು ವಿಮಾನಗಳು ಮರಳಲಿಲ್ಲ. ನಿರ್ಧಾರದ ಬೆಲೆ ಎಂಥದೆಂಬುದನ್ನು ಆ ಸಂಜೆ ಅವರು ಅರಿತಿರಬೇಕು. ಆದರೂ ಅವರು ಹಿಂಜರಿಯಲಿಲ್ಲ. ಗಡಹಿಂಗ್ಲಜ, ಆಜರಾ, ಚಂದಗಡ ಕಡೆಯಿಂದ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರಕ್ಕೆ ಹೋಗಿ ಸಮವಸ್ತ್ರ ತೊಟ್ಟ ಮಕ್ಕಳ ಮನೆಗಳಿಗೆ ಈ ಸಂಗತಿ ಪುಸ್ತಕದ ಬದನೆಕಾಯಿಯಲ್ಲ. ಇದಕ್ಕಾಗಿ ಚವ್ಹಾಣರಿಗೆ ಹಾರ ಸಲ್ಲಲೇಬೇಕು. ಕನ್ನಡಿಗನ ಕೈಯಿಂದಲೂ ಸಲ್ಲಬೇಕು.

ಎರಡನೆಯ ವರದಿಯ ಕಥೆ ಬೇರೆ. ಮಹಾರಾಷ್ಟ್ರದ ಒತ್ತಾಯದ ಮೇಲೆ 1966ರ ಅಕ್ಟೋಬರ್ 25ರಂದು ಕೇಂದ್ರ ಸರಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. ಮೂರು ವಾರ ಕಳೆಯುವುದರೊಳಗೆ ಚವ್ಹಾಣರು ಗೃಹಮಂತ್ರಿಯಾದರು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಇರಲಿ. ನಿಪ್ಪಾಣಿ, ಖಾನಾಪುರ ಸಹಿತ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆಯ 247 ಊರುಗಳು ಮೈಸೂರಿಗೆ ಬರಲಿ ಎಂದು ಅದು ಹೇಳಿತು. ಮೈಸೂರು ಒಪ್ಪಿತು, ಆಯೋಗವನ್ನು ಬೇಡಿದ ಮಹಾರಾಷ್ಟ್ರವೇ ಒಪ್ಪಲಿಲ್ಲ. ಚವ್ಹಾಣರು 1970ರ ಜೂನ್ ತಿಂಗಳವರೆಗೆ ಗೃಹಮಂತ್ರಿಯಾಗಿದ್ದರು. ವರದಿ ಅಂದಿಗೂ ಜಾರಿಗೆ ಬರಲಿಲ್ಲ, ಮುಂದೆಯೂ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರವು ಅದೇ ವ್ಯಾಜ್ಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು.

ಈ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಮೊದಲನೆಯ ವರದಿಯನ್ನು ಯಾರಿಗೂ ತೋರಿಸಲಿಲ್ಲ, ಆದರೆ ಅದರಂತೆ ನಡೆದರು. ಎರಡನೆಯದನ್ನು ಎಲ್ಲರಿಗೂ ತೋರಿಸಿದರು, ಆದರೆ ಅದರಂತೆ ನಡೆಯಲಿಲ್ಲ. ಶತ್ರುವಿನ ಎದುರಿಗೆ ಕೆಲವೇ ನಿಮಿಷಗಳಲ್ಲಿ ನಿರ್ಧಾರ ಮಾಡಿದ ಮನುಷ್ಯನು ನೆರೆಹೊರೆಯವರ ಗಡಿಯ ಎದುರಿಗೆ ಮೂರು ವರ್ಷವಾದರೂ ನಿರ್ಧಾರ ಮಾಡಲಿಲ್ಲವೇಕೆ?

ಇಲ್ಲಿ ಆಕ್ಷೇಪ ಬರುತ್ತದೆ. ಗೃಹಮಂತ್ರಿ ಒಬ್ಬನೇ ಏನು ಮಾಡಬಲ್ಲ? ಮಂತ್ರಿಮಂಡಲವಿತ್ತು, ಪ್ರಧಾನಮಂತ್ರಿಯಿದ್ದರು, ಪಾರ್ಲಿಮೆಂಟು ಕಾನೂನು ಮಾಡಬೇಕಿತ್ತು ಎನ್ನುತ್ತಾರೆ. ಈ ಮಾತು ಅರ್ಧ ನಿಜ. ಹೊಣೆ ಅವರೊಬ್ಬರದಲ್ಲ. ಆದರೆ ಮಹಾರಾಷ್ಟ್ರವನ್ನು ಒಪ್ಪಿಸಬಲ್ಲ ಶಕ್ತಿ ಅಂದು ಯಾರಿಗಾದರೂ ಇದ್ದಿದ್ದರೆ ಅದು ಅವರಿಗೇ ಇತ್ತು. 1955ರಲ್ಲಿ ಮಹಾರಾಷ್ಟ್ರಕ್ಕಿಂತ ನೆಹರೂ ದೊಡ್ಡವರೆಂದು ಹೇಳಿ ತಮ್ಮ ಜನರ ಬೈಗಳನ್ನು ಹೊತ್ತುಕೊಂಡವರು ಇದೇ ಚವ್ಹಾಣರು. 1957ರ ಚುನಾವಣೆಯಲ್ಲಿ ಅವರು ಕರಾಡದಲ್ಲಿ ಅತ್ಯಲ್ಪ ಅಂತರದಿಂದ ಗೆದ್ದರು. ಆ ಧೈರ್ಯಕ್ಕೆ ತೆತ್ತ ಬೆಲೆ ಅವರ ನೆನಪಿನಲ್ಲಿ ಉಳಿದು, ಮತ್ತೊಮ್ಮೆ ತೆರಲು ಮನಸ್ಸು ಬರಲಿಲ್ಲವೆಂದೇ ನಮ್ಮ ಊಹೆ. ಮನುಷ್ಯಸಹಜವಾದ ಈ ದೌರ್ಬಲ್ಯವನ್ನು ನಾವು ಕ್ಷಮಿಸಬಹುದು. ಮರೆಸಿ ಮಕ್ಕಳಿಗೆ ಹೇಳಲಾಗದು.

ನಮ್ಮ ಕನ್ನಡ ಬಾಂಧವರಿಗೂ ಒಂದು ಮಾತು. ‘ಮಹಾಜನ ವರದಿಯೇ ಅಂತಿಮ’ವೆಂದು ವೇದಿಕೆಯ ಮೇಲೆ ಕೂಗುವ ನಾವು 247ರ ಲೆಕ್ಕವನ್ನು ಬಾಯಿಪಾಠ ಮಾಡಿದ್ದೇವೆ, 264ರ ಪುಟವನ್ನು ಓದಿದ್ದೇವೆಯೇ? ನಿಪ್ಪಾಣಿಯನ್ನು ಬಿಟ್ಟುಕೊಡಲು ಸಿದ್ಧರಿದ್ದೇವೆಂದು ನಮ್ಮ ಎಷ್ಟು ಸಭೆಗಳು ಠರಾವು ಮಾಡಿವೆ? ತನಗೆ ಬೇಕಾದ ಪುಟವನ್ನಷ್ಟೇ ಓದುವವನು, ವರದಿಯನ್ನು ಕಪಾಟಿನಲ್ಲಿಟ್ಟವನನ್ನು ಬೈಯುವ ಅಧಿಕಾರವನ್ನು ಅರ್ಧ ಕಳೆದುಕೊಂಡಿರುತ್ತಾನೆ. ಮಂತ್ರಿಗೆ ಒಂದು ಅಳತೆ, ನಮಗೆ ಇನ್ನೊಂದು ಅಳತೆ ಸಲ್ಲದು.

ಇತ್ಯರ್ಥವಾಗದ ಗಡಿಯ ನಷ್ಟ ಯಾರಿಗೆ? ಮಂತ್ರಿಗಳಿಗಲ್ಲ. ಗಡಿಯ ಈಚೆ ಕನ್ನಡ ಶಾಲೆಯಲ್ಲಿ ಕೂತ ಮಗುವಿಗೆ, ಆಚೆ ಮರಾಠಿ ಶಾಲೆಯಲ್ಲಿ ಕೂತ ಮಗುವಿಗೆ. ಎರಡೂ ಕಡೆ ಆ ಶಾಲೆಯು ಶಾಲೆಯಾಗಿ ಕಾಣದೆ ವ್ಯಾಜ್ಯದ ಸಾಕ್ಷಿಯಾಗಿ ಕಾಣುತ್ತದೆ. ಶಿಕ್ಷಕನನ್ನು ಕೇಳಿದರೆ ರಾಜಕೀಯ, ಪಠ್ಯಪುಸ್ತಕವನ್ನು ಕೇಳಿದರೆ ರಾಜಕೀಯ. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಸಂತೆಗೆ ಹೋಗಿ ಬರುವ ಜನರಿಗೆ ಇಲ್ಲದ ಸಂಶಯ ಕಚೇರಿಯ ಕಡತಗಳಿಗೆ ಇದೆ.

ಆದಕಾರಣ ಸಹೋದ್ಯೋಗಿಗಳೇ, ಮುಂದಿನ ನವೆಂಬರ್ 25ರಂದು ಹಾರವನ್ನು ತಪ್ಪದೆ ಹಾಕೋಣ. ಆದರೆ ಹುದ್ದೆಗಳ ಪಟ್ಟಿಯನ್ನು ಒಪ್ಪಿಸುವ ಹುಡುಗನನ್ನು ಅಂದು ಕೂಡ್ರಿಸಿ, ಇನ್ನೊಬ್ಬನನ್ನು ಏಳಿಸೋಣ. ಚವ್ಹಾಣರು ಸೋತ ಸೈನ್ಯವನ್ನು ಹೇಗೆ ನಿಲ್ಲಿಸಿದರೆಂಬುದನ್ನು ಅವನು ಹೇಳಲಿ. ಒಂದು ವರದಿಯನ್ನು ಏಕೆ ಮುಚ್ಚಿಟ್ಟರು, ಇನ್ನೊಂದನ್ನು ಏಕೆ ಮುಟ್ಟಲಿಲ್ಲವೆಂಬುದನ್ನು ಕೇಳಲಿ. ಆ ಪ್ರಶ್ನೆಗೆ ಉತ್ತರ ನಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳೋಣ. ಪ್ರಶ್ನೆ ಕೇಳಿದ್ದಕ್ಕಾಗಿ ಆ ಹುಡುಗನಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ, ಅಷ್ಟನ್ನಾದರೂ ಮಾಡೋಣ.