ಮೂಲೆ ಸೇರಿದ ಮೇಲೇ ದನಿ

ಮಕ್ಕಳೇ, ನಮ್ಮ ಮನೆಗಳಲ್ಲಿ ಮೂಲೆ ಸೇರುವುದು ಏನು? ಪೊರಕೆ, ಮುರಿದ ಛತ್ರಿ, ಕೆಲವೊಮ್ಮೆ ನನ್ನಂಥ ನಿವೃತ್ತ ಗುಮಾಸ್ತ. ಆದರೆ ಮೂಲೆಗೆ ಹೋದರೇನೇ ಚೆನ್ನಾಗಿ ಬಾಯಿ ಬಿಡುವ ವಸ್ತುವೊಂದನ್ನು ನಾನು ಕಂಡಿದ್ದೇನೆ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯರು ನನ್ನನ್ನೂ ಮೊಮ್ಮಗನನ್ನೂ ಹಾಡು ಕೇಳಲು ಕರೆದರು. ಕೋಣೆಯ ಎರಡು ಮೂಲೆಗಳಲ್ಲಿ ನಾಲ್ಕಡಿಗೂ ಎತ್ತರದ ಮರದ ಪೆಟ್ಟಿಗೆಗಳು.

"ತಾತ, ಇದರಲ್ಲಿ ಬಟ್ಟೆ ಇಡ್ತಾರಾ?" ಎಂದು ಮೊಮ್ಮಗ ನನ್ನ ಕಿವಿಯಲ್ಲಿ ಕೇಳಿದ.

ಬಟ್ಟೆಯಲ್ಲ, ಅವು ಕ್ಲಿಪ್ಶ್‌ಹಾರ್ನ್ ಎಂಬ ಸ್ಪೀಕರುಗಳು. ಪಾಲ್ ಕ್ಲಿಪ್ಶ್ ಎಂಬ ಎಂಜಿನಿಯರು ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ, 1946ರಲ್ಲಿ ಕಂಪನಿ ಶುರುಮಾಡಿ ಇವನ್ನು ಮಾರತೊಡಗಿದರು.

ದೂರದವರನ್ನು ಕೂಗುವಾಗ ಬಾಯಿಗೆ ಎರಡೂ ಕೈ ಗುಂಡಗೆ ಹಿಡಿಯುತ್ತೀರಲ್ಲ, ಕಹಳೆಯ ಗುಟ್ಟೂ ಅದೇ. ಸ್ಪೀಕರಿನೊಳಗಿನ ಕಾಗದದ ಬಟ್ಟಲು ಅದುರಿದಾಗ ತೆಳ್ಳನೆಯ ಗಾಳಿ ಅದರ ಹಿಡಿತಕ್ಕೆ ಸರಿಯಾಗಿ ಸಿಗುವುದಿಲ್ಲ. ಶ್ರಮ ಬಹುಪಾಲು ಪೋಲು. ಎದುರಿಗೆ ಕಿರಿದಾಗಿ ಶುರುವಾಗಿ ಅಗಲವಾಗುತ್ತಾ ಹೋಗುವ ಕೊಳವೆ ಇಟ್ಟರೆ ಗಾಳಿಗೆ ಹಿಡಿತ ಬರುತ್ತದೆ. ಆದರೆ ಮಂದ್ರ ದನಿಗೆ ಒಂದು ತೊಡಕು. ಸೆಕೆಂಡಿಗೆ 40 ಸಲ ಅದುರುವ ದನಿಯ ಒಂದು ಅಲೆಯೇ ಸುಮಾರು 28 ಅಡಿ ಉದ್ದ. ಅದಕ್ಕೆ ತಕ್ಕ ಕಹಳೆಯನ್ನು ಮನೆಯೊಳಗೆ ತಂದರೆ ಮನೆಯವರು ಅಂಗಳದಲ್ಲಿ ಮಲಗಬೇಕು!

ಕ್ಲಿಪ್ಶ್ ಅವರು ಕಹಳೆಯನ್ನು ಪೆಟ್ಟಿಗೆಯೊಳಗೇ ಮಡಚಿದರು. 15 ಅಂಗುಲದ ಸ್ಪೀಕರಿನ ದನಿ ಒಳಗಿನ ಓಣಿಗಳಲ್ಲಿ ತಿರುಗಿ, ಹಿಂಬದಿಯಿಂದ ಗೋಡೆಯ ಪಕ್ಕಕ್ಕೆ ಬರುತ್ತದೆ. ಕಹಳೆಯ ಕೊನೆಯ, ಅತಿ ಅಗಲದ ಭಾಗವನ್ನು ಅವರು ಮಾಡಲೇ ಇಲ್ಲ. ಮೂಲೆಯ ಎರಡು ಗೋಡೆ, ಕೆಳಗಿನ ನೆಲ, ಅವೇ ಆ ಭಾಗ! ಮನೆ ಕಟ್ಟಿದ ಗಾರೆಯವನೇ ಮಿಕ್ಕ ಕಹಳೆಯನ್ನೂ ಕಟ್ಟಿಕೊಟ್ಟಂತೆ. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಇದು ಬಂಡವಾಳವಿಲ್ಲದ ಆದಾಯ. ಒಂದೇ ವ್ಯಾಟ್ ಕೊಟ್ಟರೂ ಹತ್ತಿರ ನಿಂತವರು ಕಿವಿ ಮುಚ್ಚಿಕೊಳ್ಳಬೇಕು. (ತಾರ ದನಿಗೆ ಮೇಲ್ಗಡೆ ಬೇರೆ ಸಣ್ಣ ಕಹಳೆ ಇದೆ.)

ಹಿರಿಯರು ರೆಕಾರ್ಡು ಹಾಕಿದರು. ನನ್ನ ಬಲಗಿವಿ ಈಚೆಗೆ ಮಂದ. ಆದರೂ ದಪ್ಪ ತಂತಿಯ ಗುಂಯ್‌ಗಾರ ಕುರ್ಚಿಯ ಹಿಡಿಯಿಂದ ಅಂಗೈಗೆ ಹತ್ತಿತು.

ಮುಂದಿನ ತಿಂಗಳು ಅವರು ಚಿಕ್ಕ ಮನೆಗೆ ಹೋಗುವವರಿದ್ದರು. ಅಲ್ಲಿ ಖಾಲಿ ಮೂಲೆ ಒಂದೇ. ಮಿಕ್ಕ ಕಡೆ ಬಾಗಿಲು, ಕಿಟಕಿ, ಒಲೆ. ಇಲ್ಲಿದ್ದ ಎರಡರಲ್ಲಿ ಒಂದನ್ನು ಕೊಂಡದ್ದು ಅವರ ತಂದೆ, ಸ್ಟೀರಿಯೋ ರೆಕಾರ್ಡು ಬರುವ ಮೊದಲು, ಮನೆಗೊಂದೇ ಸ್ಪೀಕರು ಸಾಕಾಗಿದ್ದ ಕಾಲದಲ್ಲಿ. ಇನ್ನೊಂದನ್ನು ಇವರೇ ದುಡಿದು ಕೊಂಡದ್ದು.

"ಯಾವುದನ್ನು ಬಿಟ್ಟುಹೋಗ್ತೀರಿ?" ಮೊಮ್ಮಗ ಕೇಳಿಯೇ ಬಿಟ್ಟ. ನಾನಾಗಿದ್ದರೆ ಕೇಳುತ್ತಿರಲಿಲ್ಲ.

ಅವರು ಮಾತಾಡಲಿಲ್ಲ. ತಂದೆಯ ಪೆಟ್ಟಿಗೆಯ ಧೂಳು ಒರೆಸಿದರು. ಆಮೇಲೆ ಇನ್ನೊಂದನ್ನೂ ಒರೆಸಿ, ರೆಕಾರ್ಡನ್ನು ಮಗುಚಿ ಹಾಕಿದರು.