ಕಾಗದದ ಕಾವಲು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ಹಿರಿಯರ ಎಚ್ಚರಿಕೆ. ಆದರೆ ಮೊದಲೇ ಐದು ಬಾವಿಗಳನ್ನು ತೋಡಿಸಿ, ಅವುಗಳಲ್ಲಿ ನೀರುಂಟೋ ಇಲ್ಲವೋ ಎಂದು ಒಮ್ಮೆಯೂ ಕೊಡವಿಳಿಸಿ ನೋಡದವರ ಗತಿಯೇನು? ಗಣಕಯಂತ್ರಗಳ ಲೋಕದಲ್ಲಿ 2017ರ ಜನವರಿ 31ರ ರಾತ್ರಿ ಇಂತಹುದೇ ಒಂದು ಪ್ರಸಂಗ ನಡೆಯಿತು.

ತಂತ್ರಾಂಶ ರಚಿಸುವವರು ತಮ್ಮ ಕೆಲಸವನ್ನು ಜೋಪಾನವಾಗಿ ಇರಿಸಿಕೊಳ್ಳುವ ಅಂತರ್ಜಾಲ ಭಂಡಾರಗಳಲ್ಲಿ ಗಿಟ್‌ಲ್ಯಾಬ್ ಒಂದು. ಅಂದು ಅಲ್ಲಿನ ಇಂಜಿನಿಯರೊಬ್ಬರು ಎರಡನೆಯ ಗಣಕದಲ್ಲಿದ್ದ ನಕಲನ್ನು ಅಳಿಸಿ ಹೊಸದಾಗಿ ತುಂಬಲೆಳಸಿದರು. ದಣಿದ ಕೈ ತಪ್ಪಿತು. ಅಳಿಸುವ ಆಜ್ಞೆ ಹೋದದ್ದು ಮೂಲ ಗಣಕಕ್ಕೆ. ಕ್ಷಣಾರ್ಧದಲ್ಲಿ ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ, ಸುಮಾರು 300 ಗಿಗಾಬೈಟ್ ದತ್ತದಲ್ಲಿ ಉಳಿದದ್ದು 4.5 ಮಾತ್ರ.

ಇರಲಿ, ರಕ್ಷಣೆಯ ಉಪಾಯಗಳು ಐದಿದ್ದವಲ್ಲವೇ? ಒಂದೊಂದನ್ನೇ ತೆರೆದು ನೋಡಲಾಯಿತು. ನಿತ್ಯ ನಕಲು ತೆಗೆಯಬೇಕಾದ ತಂತ್ರಾಂಶ ಹಳೆಯ ಆವೃತ್ತಿಯದಾಗಿದ್ದು, ಪ್ರತಿ ಸಲವೂ ಸೋಲುತ್ತಿತ್ತು. ಸೋಲನ್ನು ತಿಳಿಸುವ ಮಿಂಚಂಚೆಗಳು ಸೇರಬೇಕಾದವರನ್ನು ಸೇರದೆ ತಿರಸ್ಕೃತವಾಗುತ್ತಿದ್ದವು. ಮತ್ತೊಂದು ಉಪಾಯವನ್ನು ಈ ಗಣಕಗಳಿಗೆ ಅಳವಡಿಸಿಯೇ ಇರಲಿಲ್ಲ. ಕಡೆಗೆ ಕಾಪಾಡಿದ್ದು, ಆರು ಗಂಟೆ ಮೊದಲು ಬೇರಾವುದೋ ಪರೀಕ್ಷೆಗೆಂದು ತೆಗೆದಿದ್ದ ಒಂದು ಪ್ರತಿ! ಅದನ್ನು ಮರಳಿ ತುಂಬಲು ಸುಮಾರು 18 ಗಂಟೆ ಹಿಡಿಯಿತು. ರಚನಕಾರರ ಮೂಲ ಬರಹಗಳಿಗೆ ಧಕ್ಕೆ ತಗಲಲಿಲ್ಲವಾದರೂ, ಆ ಆರು ಗಂಟೆಗಳ ಅವಧಿಯ ಸುಮಾರು 5000 ಯೋಜನೆಗಳ ದಾಖಲೆ, 5000 ಟಿಪ್ಪಣಿ, 700 ಬಳಕೆದಾರರ ಖಾತೆಗಳು ನಷ್ಟವಾದವು.

ಇಂತಹ ಅನಾಹುತವನ್ನು ಅಳೆಯಲು ತಜ್ಞರಲ್ಲಿ ಎರಡು ಅಳತೆಗಳುಂಟು. ಎಷ್ಟು ಹೊತ್ತಿನ ದತ್ತ ಕಳೆದರೆ ಸಹಿಸಬಹುದೆಂಬುದು ಆರ್.ಪಿ.ಓ.; ಎಷ್ಟು ಹೊತ್ತಿನಲ್ಲಿ ಕೆಲಸ ಮತ್ತೆ ಆರಂಭವಾಗಬೇಕೆಂಬುದು ಆರ್.ಟಿ.ಓ. ಎರಡನೆಯದನ್ನು ಮೋಟಾರು ವಾಹನಗಳ ಕಚೇರಿಯೆಂದು ಭ್ರಮಿಸಬೇಕಾಗಿಲ್ಲ! ಭಾರತದಲ್ಲಿಯೂ ಇವುಗಳಿಗೆ ಬೆಲೆಯುಂಟು: 2021ರಲ್ಲಿ ಸೆಬಿ ಶೇರುಪೇಟೆಗಳಿಗೆ ಮೊದಲನೆಯದನ್ನು 15 ನಿಮಿಷವೆಂದೂ ಎರಡನೆಯದನ್ನು 45 ನಿಮಿಷವೆಂದೂ ವಿಧಿಸಿತು.

ಆದರೆ ಅಂಕಿಯನ್ನು ಕಡತದಲ್ಲಿ ಬರೆದು ಸಹಿ ಹಾಕಿದ ಮಾತ್ರಕ್ಕೆ ಯಂತ್ರ ಅದನ್ನು ಪಾಲಿಸುವುದಿಲ್ಲ. ಆದುದರಿಂದ ನಿಯಮವನ್ನೇ ಯಂತ್ರಕ್ಕೆ ತಿಳಿಯುವ ಸಂಕೇತಭಾಷೆಯಲ್ಲಿ ಬರೆಯುವ ಪದ್ಧತಿ ಬಂದಿದೆ. ಇದಕ್ಕೆಂದೇ ಓಪನ್ ಪಾಲಿಸಿ ಏಜೆಂಟ್ ಎಂಬ ಮುಕ್ತ ತಂತ್ರಾಂಶವೂ ರೆಗೊ ಎಂಬ ಅದರ ಭಾಷೆಯೂ ಇವೆ. ಪ್ರತಿಯೊಂದು ದತ್ತಭಂಡಾರದ ವಿವರಣೆಯೊಡನೆ ‘ನಷ್ಟದ ಮಿತಿ ಒಂದು ಗಂಟೆ’ ಎಂದು ನಮೂದಿಸಿದರೆ, ಕಡೆಯ ನಕಲಿನ ವಯಸ್ಸನ್ನು ಯಂತ್ರವೇ ಆಗಾಗ ಎಣಿಸಿ, ಮಿತಿ ಮೀರಿದೊಡನೆ ಗಂಟೆ ಬಾರಿಸುವುದು. ನಕಲಿನ ಏರ್ಪಾಡೇ ಇಲ್ಲದ ಹೊಸ ಭಂಡಾರಕ್ಕೆ ಅನುಮತಿಯನ್ನೇ ಕೊಡದು.

ಇಲ್ಲಿಯೂ ಎರಡು ಎಚ್ಚರಿಕೆಗಳು ಅಗತ್ಯ. ನಕಲು ಇದೆಯೆಂದರೆ ಸಾಲದು. ಅದನ್ನು ಬೇರೊಂದು ಗಣಕದಲ್ಲಿ ತುಂಬಿ, ಗಡಿಯಾರ ಹಿಡಿದು ನೋಡಬೇಕು. ಆರ್.ಟಿ.ಓ. ನಿಜವೋ ಸುಳ್ಳೋ ಎಂಬುದು ಆಗಲೇ ತಿಳಿಯುವುದು. ಎರಡನೆಯದಾಗಿ, ಸೋತಾಗ ಮಾತ್ರ ಸುದ್ದಿ ಕೊಡುವ ಕಾವಲುಗಾರನನ್ನು ನಂಬಲಾಗದು. ‘ಎಲ್ಲವೂ ಕ್ಷೇಮ’ ಎಂಬ ಸುದ್ದಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ, ಆ ಮೌನವನ್ನೇ ಸೋಲೆಂದು ಎಣಿಸಬೇಕು.

ಗಿಟ್‌ಲ್ಯಾಬ್ ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕಾರ್ಯವನ್ನೇ ಎಲ್ಲರೂ ನೋಡುವಂತೆ ನೇರವಾಗಿ ಪ್ರಸಾರ ಮಾಡಿತು. ಮುಂದೆ ಕೈಗೊಳ್ಳಬೇಕಾದ ಸುಧಾರಣೆಗಳ ಪಟ್ಟಿಯಲ್ಲಿ, ನಕಲುಗಳನ್ನು ಯಂತ್ರವೇ ಮರಳಿ ತುಂಬಿ ಪರೀಕ್ಷಿಸುವುದೂ ಒಂದಾಗಿತ್ತು. ಬಾವಿ ತೋಡಿಸಿದವನ ಹೊಣೆ ಅಲ್ಲಿಗೇ ಮುಗಿಯದು. ದಿನಕ್ಕೊಂದು ಕೊಡ ನೀರು ಸೇದುತ್ತಿದ್ದರೆ ಮಾತ್ರ ಬೆಂಕಿಯ ದಿನ ಅದು ಬಾವಿಯಾಗಿ ಉಳಿದೀತು.